ಆ ನಾಲ್ಕು ತಿಂಗಳು

ಪ್ರೀತಿಯ ಗೆಳತಿ,

ನಿಮ್ಮ ಕಾಗದ ಬಂದು ವಾರವಾಯಿತು. ಕೊನೆಯ ಸಾಲಿಗೆ ಏನು ಬರೆಯಲಿ ಎಂದು ತೋಚದೆ ಸುಮ್ಮನಿದ್ದೆ. "2020ರ ಏಪ್ರಿಲ್‌ನಲ್ಲೇ ಅಮ್ಮನ ಕೆನ್ನೆಯೊಳಗೆ ಹುಣ್ಣು ನೋಡಿದ್ದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಆಗಸ್ಟ್‌ನಲ್ಲಿ. ತಪ್ಪು ನನ್ನದೇ ಅಲ್ವಾ?"

ತಡವಾದದ್ದರಿಂದ ಏನೂ ಆಗಲಿಲ್ಲ ಎಂದು ಸುಳ್ಳು ಹೇಳಲಾರೆ. ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ಮುಂದೆ ಹೋದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆದರೆ ತಡ ಮಾಡಿದ್ದು ನೀವೊಬ್ಬರೇ ಎಂದುಕೊಂಡಿದ್ದೀರಲ್ಲ, ಅದನ್ನು ಒಪ್ಪಲಾರೆ.

ಆ ಏಪ್ರಿಲ್ ನೆನಪಿಸಿಕೊಳ್ಳಿ. ಮಾರ್ಚ್ 25ರಿಂದ ಬಸ್ಸಿಲ್ಲ, ರೈಲಿಲ್ಲ. ಹಲ್ಲಿನ ಡಾಕ್ಟರು ಬಾಯಿ ತೆರೆಸಲು ಹೆದರುತ್ತಿದ್ದರು; ತುರ್ತು ಇದ್ದರೆ ಮಾತ್ರ ಬನ್ನಿ ಎನ್ನುತ್ತಿದ್ದರು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಕೇಳುತ್ತಿದ್ದದ್ದು ಜ್ವರ, ಕೆಮ್ಮು. ಅಮ್ಮನ ಬಾಯಿಗೋ ಸದಾ ಮಾಸ್ಕು. ಮನೆಯವರಲ್ಲದೆ ಬೇರೆ ಯಾರ ಕಣ್ಣಿಗೂ ಆ ಹುಣ್ಣು ಬೀಳುವಂತಿರಲಿಲ್ಲ. ನೋವೂ ಇರಲಿಲ್ಲ ಎಂದಿದ್ದೀರಿ. ಬಾಯಿ ಕ್ಯಾನ್ಸರ್ ಮೊದಮೊದಲು ಹೆಚ್ಚಾಗಿ ಹಾಗೆಯೇ, ನೋಯುವುದಿಲ್ಲ.

ನಮ್ಮ ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕ 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂತು. 2019ರ ಮಾರ್ಚ್‌ನಿಂದ ಮೇವರೆಗೆ ಅಲ್ಲಿ ಹೊಸದಾಗಿ ಹೆಸರು ಬರೆಸಿದವರು 1,12,270 ಜನ. 2020ರ ಅದೇ ಮೂರು ತಿಂಗಳಲ್ಲಿ 51,760. ದೊಡ್ಡ ಆಪರೇಷನ್‌ಗಳೂ ಅರ್ಧಕ್ಕೆ ಇಳಿದಿದ್ದವು. ರೋಗ ಕಡಿಮೆಯಾಗಿತ್ತೇ? ಇಲ್ಲ. ಅರುವತ್ತು ಸಾವಿರ ಜನ ನಿಮ್ಮ ಅಮ್ಮನ ಹಾಗೆ ಮನೆಯಲ್ಲೇ ಉಳಿದಿದ್ದರು. ಅಷ್ಟೂ ಮನೆಗಳ ಮಕ್ಕಳು ಅಸಡ್ಡೆಯವರೇ? ಈ ಅಂಕಿ ಓದಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಎನ್ನುತ್ತದೆ.

ಹೋಗಿ ತಲುಪಿದವರಿಗೂ ದಾರಿ ಸಲೀಸಾಗಿರಲಿಲ್ಲ. ನಮ್ಮ ಭಾವ ಆಗ ಕೀಮೋದಲ್ಲಿದ್ದರು. ಕೀಮೋ ಕೊಟ್ಟ ಮೇಲೆ ಬಿಳಿ ರಕ್ತಕಣ ಇಳಿಯುತ್ತದೆ, ಆ ದಿನಗಳಲ್ಲಿ ಸೋಂಕು ತಗುಲಿದರೆ ತಡೆಯುವ ಶಕ್ತಿ ಇರುವುದಿಲ್ಲ. ಕೊಡದಿದ್ದರೆ ಗಡ್ಡೆ ಬೆಳೆಯುತ್ತದೆ. ಡಾಕ್ಟರು ಫೋನಿನಲ್ಲಿ "ಈ ಸಲದ್ದು ಮುಂದಕ್ಕೆ ಹಾಕೋಣ" ಎಂದಾಗ, ಅಕ್ಕ ಸಮಾಧಾನಪಡಬೇಕೋ ಅಳಬೇಕೋ ತಿಳಿಯದೆ ಫೋನ್ ನನ್ನ ಕೈಗೆ ಕೊಟ್ಟಿದ್ದಳು. ಅಷ್ಟು ಓದಿದ ಡಾಕ್ಟರಿಗೇ ದಾರಿ ನಿಚ್ಚಳವಾಗಿರಲಿಲ್ಲ. ನಿಮಗೆ ಹೇಗೆ ಕಾಣಬೇಕಿತ್ತು?

ಕೊರೊನಾದಿಂದ ಸತ್ತವರನ್ನು ದಿನಾ ಸಂಜೆ ಟಿವಿಯಲ್ಲಿ ಎಣಿಸುತ್ತಿದ್ದರು. ನಿಮ್ಮ ಅಮ್ಮ ಆ ಎಣಿಕೆಯಲ್ಲಿ ಇಲ್ಲ. ಆದರೂ ಅವರನ್ನು ಕರೆದುಕೊಂಡು ಹೋದದ್ದು ಆ ವರ್ಷವೇ, ನೀವಲ್ಲ ಎಂದೇ ನಾನು ನಂಬಿದ್ದೇನೆ.

ಇನ್ನೊಂದು ಮಾತು. ಅಪ್ಪನೂ ಎಲೆಅಡಿಕೆ ಜತೆ ಹೊಗೆಸೊಪ್ಪು ಹಾಕುತ್ತಾರೆ ಎಂದು ಬರೆದಿದ್ದೀರಿ. ಈ ಭಾನುವಾರ ಜಗಲಿಯಲ್ಲಿ ಕೂರಿಸಿ, ಬಾಯಿ ತೊಳೆಸಿ, ಟಾರ್ಚ್ ಬಿಟ್ಟು ನೋಡಿ. ಕೆನ್ನೆಯೊಳಗೆ, ನಾಲಿಗೆಯ ಪಕ್ಕದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ, ಬಾಯಿ ಪೂರ್ತಿ ತೆರೆಯಲು ಬರುತ್ತದೆಯೇ. ಬೈದರೆ ಬೈಸಿಕೊಳ್ಳಿ. ಏನಾದರೂ ಕಂಡರೆ ಸೋಮವಾರವೇ ಹೊರಟುಬಿಡಿ. ಎಷ್ಟು ಹೊತ್ತಿಗೆ ಬಸ್ಸು ಎಂದು ಒಂದು ಫೋನ್ ಮಾಡಿ ಸಾಕು, ಮೆಜೆಸ್ಟಿಕ್‌ನಲ್ಲಿ ನಾನು ಇರುತ್ತೇನೆ.

ನಿಮ್ಮ ಗೆಳತಿ