ಹೊಲಿಗೆ ಬಿಚ್ಚಿದ ಮನೆ

1930ರ ದಶಕ. ಕುವೈತ್ ಪಟ್ಟಣದ ಗೋಡೆ ದಾಟಿ ದಕ್ಷಿಣದ ಮರಳುಗಾಡಿಗೆ ಬಂದಿದ್ದೀರಿ. ಬೇಸಿಗೆ ಇಳಿಯುತ್ತಿದೆ, ಮೊದಲ ಮಳೆ ಇನ್ನೂ ಬಿದ್ದಿಲ್ಲ. ಬಾವಿಯ ಬಳಿ ಬೀಡುಬಿಟ್ಟ ಬೆದೂಯಿನ್ ಕುಟುಂಬವೊಂದರ ಮನೆ ನಿಮ್ಮೆದುರು ನೆಲದಗಲ ಹರಡಿದೆ. ಹೆಂಗಸರು ಕೂತು ಛಾವಣಿಯ ಹೊಲಿಗೆ ಬಿಚ್ಚುತ್ತಿದ್ದಾರೆ.

ಬಗ್ಗಿ ಮುಟ್ಟಿ ನೋಡಿ. ಅಂಗೈಗೆ ಚುಚ್ಚುತ್ತದೆ. ಕರಿ ಆಡಿನ ಕೂದಲು ಅದು. ಸುಮಾರು ಮೂರು ಗೇಣು ಅಗಲದ ಉದ್ದುದ್ದ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಛಾವಣಿ. ಸವೆದ ಪಟ್ಟಿಯನ್ನು ಬಿಸಾಡುವುದಿಲ್ಲ. ಅಂಚಿಗೆ ಸರಿಸಿ, ಹೊಸದನ್ನು ನಡುವೆ ಕೂರಿಸುತ್ತಾರೆ. ಹೀಗಾಗಿ ಈ ಮನೆಗೆ ಎಷ್ಟು ವಯಸ್ಸು ಎಂದು ಕೇಳಿದರೆ ಯಾರೂ ಉತ್ತರಿಸಲಾರರು. ಅದನ್ನು ಕಟ್ಟಿ ಮುಗಿಸಿದ ದಿನವೇ ಇಲ್ಲ.

ಹೊಸ ಪಟ್ಟಿ ಅಲ್ಲಿ ಹುಟ್ಟುತ್ತಿದೆ, ಆ ಅಜ್ಜಿಯ ಮುಂದೆ. ನೆಲಕ್ಕೆ ನಾಲ್ಕು ಗೂಟ, ನಡುವೆ ಬಿಗಿದ ಹಾಸು, ಮಗ್ಗವೆಂದರೆ ಇಷ್ಟೇ. ನೇಯ್ದಷ್ಟು ಬಟ್ಟೆಯ ಮೇಲೆಯೇ ಕೂತು ಅವಳು ಮುಂದೆ ಮುಂದೆ ಜರುಗುತ್ತಾಳೆ. ಹೊಕ್ಕಿನ ನೂಲು ತೂರಿಸಿ, ಕತ್ತಿಯಂಥ ಮರದ ಹಲಗೆಯಿಂದ ಬಡಿದು, ಜಿಂಕೆಕೊಂಬಿನ ತುದಿಯಿಂದ ಎಳೆ ಮೀಟುತ್ತಾಳೆ. ಹಾಸು ಎಷ್ಟು ಒತ್ತಾಗಿದೆಯೆಂದರೆ ಹೊಕ್ಕು ಕಾಣುವುದೇ ಇಲ್ಲ. ನಾಳೆ ಬೀಡು ಕೀಳಬೇಕಾಗಿ ಬಂದರೂ ಚಿಂತೆಯಿಲ್ಲ; ಗೂಟ ಕಿತ್ತು ಅರ್ಧ ನೇಯ್ದದ್ದನ್ನು ಸುತ್ತಿ ಒಂಟೆಗೆ ಹೇರಿದರಾಯಿತು.

ನೇಯ್ದ ಬಟ್ಟೆಯನ್ನು ಸೂರ್ಯನಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು. ಒಲೆಯ ಹೊಗೆ, ಬಿಸಿ ಗಾಳಿ ಈ ತೂತುಗಳಿಂದಲೇ ಹೊರಬೀಳುತ್ತವೆ. ಮಳೆ ಬಂದಾಗ ಕೂದಲು ಉಬ್ಬಿ ತೂತು ಮುಚ್ಚುತ್ತದೆ, ಅದರ ಜಿಡ್ಡು ನೀರನ್ನು ಜಾರಿಸುತ್ತದೆ. ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಕ್ಕದಲ್ಲಿ ಮಡಿಸಿಟ್ಟ ಉಣ್ಣೆಯ ಪರದೆ ಗಂಡಸರ ಅಂಕಣವನ್ನೂ ಹೆಂಗಸರ ಅಂಕಣವನ್ನೂ ಬೇರ್ಪಡಿಸುವಂಥದ್ದು. ಕೆಂಪು, ಕಪ್ಪು, ಬಿಳಿ. ಚಿತ್ತಾರದ ಮುಖ ಅತಿಥಿಗಳತ್ತ. ಆ ಚಿತ್ತಾರ ಯಾವ ಕಾಗದದಲ್ಲೂ ಇಲ್ಲ. ಎಳೆ ಎಣಿಸುವ ಬೆರಳುಗಳಲ್ಲಿದೆ. ಅದಕ್ಕೇ ಭಯವಾಗುತ್ತದೆ. ಇದೇ ದಿಕ್ಕಿನ ಬುರ್ಗಾನ್‌ನಲ್ಲಿ 1938ರಲ್ಲಿ ತೈಲ ಸಿಗಲಿದೆ. ಮರಳುಗಾಡು ಬಿಟ್ಟು ಜನ ಊರು ಸೇರಲಿದ್ದಾರೆ. ‘ಸದು’ ಎಂಬ ಈ ನೇಯ್ಗೆ 2011ರಲ್ಲಿ ಎಮಿರೇಟ್ಸ್‌ನ ಹೆಸರಿನಲ್ಲಿ ಯುನೆಸ್ಕೊದ ತುರ್ತು ರಕ್ಷಣೆಯ ಪಟ್ಟಿ ಸೇರುತ್ತದೆ. ಸೌದಿ ಮತ್ತು ಕುವೈತ್‌ಗಳ ಸದುವಿಗೆ 2020ರಲ್ಲಿ ಯುನೆಸ್ಕೊ ಮನ್ನಣೆ.

ಪಟ್ಟಿ ಕೂಡಿತು, ಹೊಲಿಗೆ ಮುಗಿಯಿತು. ಗುಡಾರ ಎತ್ತುವವರೂ ಇದೇ ಹೆಂಗಸರು. ಮೂಲೆಯ ಹಗ್ಗವೊಂದನ್ನು ನಿಮ್ಮ ಕೈಗಿಟ್ಟಿದ್ದಾರೆ, ಕಾಲೂರಿ ನಿಂತು ಎಳೆಯಿರಿ.