ಎಪ್ಪತ್ತರ ಹುಟ್ಟುಹಬ್ಬಕ್ಕೆ ಎಲ್ಲಿಗೆ ಹೋಗೋಣ?

ನಮ್ಮ ತಲೆಮಾರಿನವರಿಗೆ ಹುಟ್ಟುಹಬ್ಬವೆಂಬುದು ಮಕ್ಕಳು ತಂದುಕೊಟ್ಟ ಹಬ್ಬ. ನಮ್ಮನ್ನು ಶಾಲೆಗೆ ಸೇರಿಸಿದ ದಿನ ಗುರುಗಳು ಮುಖ ನೋಡಿ ವಯಸ್ಸನ್ನು ಅಂದಾಜಿಸಿ ಜೂನ್ 1 ಎಂದು ಬರೆದರು. ಸೇವೆಗೆ ಸೇರಿದ್ದೂ ನಿವೃತ್ತರಾದದ್ದೂ ಆ ತಾರೀಖಿನ ಆಧಾರದಿಂದಲೇ. ಮುಂದೆ ನಾವೂ ಮುಖ್ಯಾಧ್ಯಾಪಕರಾಗಿ ಎಷ್ಟೋ ಮಕ್ಕಳಿಗೆ ಅದೇ ಜೂನ್ 1ನ್ನು ದಯಪಾಲಿಸಿದೆವು. ನಮ್ಮ ಶ್ರೀಮತಿಯವರ ದಾಖಲೆಯಲ್ಲಿಯೂ ಅದೇ ಇದೆ. ಆದರೆ ಅವರಿಗೆ ನಿಜವಾದ ಜನ್ಮದಿನವೊಂದು ಉಂಟು. ಎಳ್ಳು ಅಮಾವಾಸ್ಯೆಯ ದಿನ ಮನೆಮಂದಿ ಹೊಲದಲ್ಲಿ ಚರಗ ಚೆಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಊರಿನಿಂದ ಸುದ್ದಿ ಬಂದಿತ್ತಂತೆ. ತಾರೀಖು ಯಾರಿಗೂ ನೆನಪಿಲ್ಲ. ತಿಥಿಯನ್ನು ಯಾರೂ ಮರೆತಿಲ್ಲ.

ಕಳೆದ ಚಳಿಗಾಲದಲ್ಲಿ ಅವರಿಗೆ ಎಪ್ಪತ್ತು ತುಂಬಿತು. ಪುಣೆಯ ಮಗನೂ ಬೆಂಗಳೂರಿನ ಮಗಳೂ ಫೋನಿನಲ್ಲಿ ಮಾತಾಡಿಕೊಂಡು ನಮಗೆ ತಿಳಿಸಿದರು: ಅಮಾವಾಸ್ಯೆಗೆ ಹೊಲವನ್ನು ತಪ್ಪಿಸುವಂತಿಲ್ಲ, ಮರುದಿನ ಹೊರಟು ಎರಡು ದಿನ, ಒಂದು ರಾತ್ರಿ ಎಲ್ಲಿಗಾದರೂ ಹೋಗಿಬರೋಣ, ಸ್ಥಳವನ್ನು ಅಪ್ಪ ನಿಶ್ಚಯಿಸಲಿ.

ಅಧ್ಯಾಪಕನ ಕೈಗೆ ಇಂಥ ಕೆಲಸ ಸಿಕ್ಕರೆ ಅದು ಪರೀಕ್ಷೆಯ ವೇಳಾಪತ್ರಿಕೆಯಾಗಿಬಿಡುತ್ತದೆ. ನಾವು ಗೆರೆ ಹೊಡೆದ ಹಾಳೆಯೊಂದನ್ನು ತೆಗೆದುಕೊಂಡು ಅಂಕಣಗಳನ್ನು ಎಳೆದೆವು: ಪ್ರಯಾಣದ ಹೊತ್ತು, ಚಳಿ, ಮೆಟ್ಟಿಲು, ಶೌಚಾಲಯ, ನೋಡುವಂಥದ್ದು. ಎಪ್ಪತ್ತು ದಾಟಿದವರ ಎರಡು ದಿನದ ಪ್ರವಾಸಕ್ಕೆ ಒಂದು ದಿಕ್ಕಿಗೆ ಮೂರು ತಾಸಿಗಿಂತ ಹೆಚ್ಚಿನ ದಾರಿ ಸಲ್ಲದು ಎಂಬುದು ನಮ್ಮ ಮೊದಲ ನಿಯಮ. ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲು. ದಾರಿಯೇ ದಿನವನ್ನು ತಿಂದರೆ ಊರು ನೋಡುವುದು ಯಾವಾಗ?

ಮಗನ ಆಯ್ಕೆ ಮಹಾಬಳೇಶ್ವರ. ಸುಮಾರು 1,350 ಮೀಟರ್ ಎತ್ತರದ ಊರು, ಸ್ಟ್ರಾಬೆರಿಯ ಕಾಲ. ಆದರೆ ಸೊಲ್ಲಾಪುರದಿಂದ ಹೋಗುವುದರಲ್ಲಿಯೇ ಒಂದು ದಿನ ಕಳೆಯುತ್ತದೆ. ಚಳಿಯಾದರೋ ಕೀಲುನೋವಿನವರಿಗೆ ವೈರಿ. ಮಗಳ ಆಯ್ಕೆ ಗೋವೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಗದ್ದಲವನ್ನೂ ಕೋಣೆಯ ಬಾಡಿಗೆಯನ್ನೂ ಕೇಳಿ ನಾವು ಆ ಸಾಲನ್ನು ಹೊಡೆದುಹಾಕಿದೆವು. ನಳದುರ್ಗದ ಕೋಟೆ ಹತ್ತಿರದ್ದು. ಆದರೆ ಬೋರಿ ನದಿಯ ಮೇಲಿನ ಆ ಪಾನಿಮಹಲಿನ ಧಬಧಬೆಯ ಸೊಬಗು ಮಳೆಗಾಲದ್ದು. ಉಜನಿ ಜಲಾಶಯದ ಹಿನ್ನೀರಿಗೆ, ಭಿಗವಣದ ಕಡೆಗೆ, ಚಳಿಗಾಲದಲ್ಲಿ ಫ್ಲೆಮಿಂಗೋ ಎಂಬ ರಾಜಹಂಸಗಳು ಬರುತ್ತವೆ. ಆಸೆಯೇನೋ ಆಯಿತು, ಆದರೆ ಅವನ್ನು ನೋಡಲು ನಸುಕಿನ ಥಂಡಿಯಲ್ಲಿ ದೋಣಿ ಹತ್ತಬೇಕು.

ಕೊನೆಗೆ ನಾವು ಹೆಚ್ಚು ಅಂಕ ಕೊಟ್ಟದ್ದು ಹತ್ತರಸಂಗ ಕೂಡಲಕ್ಕೆ. ನಮ್ಮ ದಕ್ಷಿಣ ಸೊಲ್ಲಾಪುರ ತಾಲೂಕಿನದೇ ಊರು. ಭೀಮಾ ಮತ್ತು ಸೀನಾ ನದಿಗಳ ಸಂಗಮ. ಸಂಗಮೇಶ್ವರನ ಗುಡಿಯಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ ಶಾಸನವಿದೆ, ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಊರ ಹೆಸರಿನಲ್ಲಿ ಕನ್ನಡದ ಕೂಡಲು, ಕಲ್ಲಿನ ಮೇಲೆ ಮರಾಠಿ. ಗಡಿನಾಡಿನ ನಮಗೆ ಇದಕ್ಕಿಂತ ಯೋಗ್ಯವಾದ ಪಾಠ ಬೇರೆಲ್ಲಿ? ಅರ್ಧ ದಿನ ಅಲ್ಲಿ, ಉಳಿದದ್ದು ಪಂಢರಪುರ ಎಂದು ಯೋಜನೆ ಹಾಕಿ, ಶ್ರೀಮತಿಯವರನ್ನು ಕೂರಿಸಿಕೊಂಡು ಪಟ್ಟಿಯನ್ನು ಗಟ್ಟಿಯಾಗಿ ಓದಿದೆವು.

ಅವರು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದರು. ಕೇಳಿ, “ಇದರಾಗ ಬಿಜಾಪುರ ಯಾಕ ಬರದಿಲ್ಲ?” ಎಂದರು.

“ಬಿಜಾಪುರದಾಗ ಹೊಸಾದೇನೈತಿ? ನಾವು ಇಪ್ಪತ್ತು ಸಲ ನೋಡೇವಿ” ಎಂದೆವು.

“ನಾವು ಅಂದ್ರ ಯಾರ್ರಿ?”

ಅವರ ದನಿಯಲ್ಲಿ ಕೋಪವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ತಪ್ಪು ತೋರಿಸುವವರಂತೆ ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಸೊಲ್ಲಾಪುರದಿಂದ ನೂರು ಕಿಲೋಮೀಟರಿನ ಆ ಊರನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಅಕ್ಕಲಕೋಟೆ ತಾಲೂಕಿನ ಶಾಲೆಗಳಲ್ಲಿ ಇದ್ದಷ್ಟು ವರ್ಷವೂ ಡಿಸೆಂಬರ್ ಬಂತೆಂದರೆ ನಾವು ಮಕ್ಕಳನ್ನು ಬಿಜಾಪುರಕ್ಕೆ ಕರೆದೊಯ್ಯುತ್ತಿದ್ದೆವು. ಅದಕ್ಕೊಂದು ಕಾರಣವಿತ್ತು. 1956ರ ನವೆಂಬರ್ 1ರವರೆಗೆ ಎರಡೂ ಜಿಲ್ಲೆಗಳು ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅಂದಿನಿಂದ ಬಿಜಾಪುರ ಆಚೆಗೆ, ನಾವು ಈಚೆಗೆ. ಕನ್ನಡ ಶಾಲೆಯ ಹುಡುಗರು ಕನ್ನಡದ ಊರೊಂದನ್ನು ಕಣ್ಣಾರೆ ಕಾಣಲಿ ಎಂಬುದು ನಮ್ಮ ಹಟ. ಹೋಟಗಿಯಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿ ಭೀಮೆಯನ್ನು ದಾಟಿ ಇಳಿದರೆ, ಮಕ್ಕಳು ಗೋಳಗುಮ್ಮಟಕ್ಕಿಂತ ಮೊದಲು ಅಂಗಡಿಗಳ ಫಲಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಕಿರಾಣಿ, ಔಷಧ, ಕ್ಷೌರ, ಎಲ್ಲವೂ ಕನ್ನಡದಲ್ಲಿ! ಆ ಓದನ್ನು ಕೇಳುವುದೇ ನಮಗೆ ವರ್ಷದ ಸಂಬಳ.

ಆ ಸಂಭ್ರಮದ ಹಿಂದಿನ ರಾತ್ರಿ ಶ್ರೀಮತಿಯವರು ಮೂರಕ್ಕೆ ಎದ್ದು ಒಲೆಯ ಮುಂದೆ ಕೂರುತ್ತಿದ್ದರು. ಬುತ್ತಿ ತರಲಾಗದ ಮಕ್ಕಳು ಹತ್ತೋ ಹದಿನೈದೋ ಇದ್ದೇ ಇರುತ್ತಿದ್ದರು. ಅವರಿಗೆಲ್ಲ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಗಂಟು ಕಟ್ಟಿ ಬಾಗಿಲವರೆಗೆ ಬಂದು ನಿಲ್ಲುವರು. ಮನೆಯಲ್ಲಿ ಎಳೆಯ ಮಕ್ಕಳು, ಹಾಸಿಗೆ ಹಿಡಿದ ನಮ್ಮ ತಾಯಿ. “ಮುಂದಿನ ವರ್ಷ ನೀನೂ ಬಾ” ಎಂದು ಪ್ರತಿ ವರ್ಷವೂ ಹೇಳಿದೆವು. ಹೇಳಿದ್ದನ್ನು ಮಾಡಿದಂತೆಯೇ ಎಂದುಕೊಂಡೆವೋ ಏನೋ. ನಿವೃತ್ತಿಯ ಅನಂತರ ನಮಗೆ ಬಿಜಾಪುರ ಸಾಕಾಗಿತ್ತು. ಅವರಿಗೆ ಅದು ಆರಂಭವೇ ಆಗಿರಲಿಲ್ಲ.

ಪಟ್ಟಿಯನ್ನು ಮಡಿಸಿ ಇಟ್ಟೆವು. ಅಮಾವಾಸ್ಯೆಯ ಸಜ್ಜೆಯ ಕಡುಬು, ಭಜ್ಜಿ ಪಲ್ಯ ಮುಗಿಸಿ ಮರುದಿನ ಬೆಳಿಗ್ಗೆ ಮಗನ ಕಾರಿನಲ್ಲಿ ಹೊರಟೆವು. ಬುತ್ತಿ ಕಟ್ಟಬೇಡವೆಂದು ಮಗಳು ತಾಕೀತು ಮಾಡಿದ್ದಳು. ಆದರೂ ಒಂದು ಸಣ್ಣ ಗಂಟು ಸೀಟಿನ ಕೆಳಗಿತ್ತು.

ಮಹಮ್ಮದ್ ಆದಿಲ್‌ಶಹನ ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್ ಎಂದು ನಾವು ಅಭ್ಯಾಸಬಲದಿಂದ ಪಾಠ ಶುರುಮಾಡಿದೆವು. ಶ್ರೀಮತಿಯವರು ಮೂಲೆಯ ಮಿನಾರಿನ ಮೆಟ್ಟಿಲುಗಳನ್ನು ನೋಡುತ್ತ ನಿಂತಿದ್ದರು. ಪಿಸುಮಾತಿನ ಗ್ಯಾಲರಿಗೆ ಹೋಗಲು ನೂರಕ್ಕೂ ಮಿಕ್ಕಿದ ಎತ್ತರೆತ್ತರದ ಮೆಟ್ಟಿಲು. ಒಂದು ಕಾಲಿಟ್ಟು, ಮೊಣಕಾಲನ್ನು ಹಿಡಿದುಕೊಂಡು, ಕಾಲು ತೆಗೆದರು. “ಹತ್ತ ವರ್ಷದ ಹಿಂದಾದ್ರ ಹತ್ತತಿದ್ದೆ” ಎಂದರು. ನಮ್ಮ ಹಾಳೆಯಲ್ಲಿ ಮೆಟ್ಟಿಲಿಗೆ ಒಂದು ಅಂಕಣವಿತ್ತು. ತಡಮಾಡಿದ ವರ್ಷಗಳಿಗೆ ಇರಲಿಲ್ಲ.

ಮೊಮ್ಮಕ್ಕಳನ್ನು ಮೇಲೆ ಕಳಿಸಿ ನಾವಿಬ್ಬರೂ ಕೆಳಗಿನ ಹಜಾರದಲ್ಲಿ ಕುಳಿತೆವು. ಸ್ವಲ್ಪ ಹೊತ್ತಿಗೆ ಮೇಲಿನಿಂದ “ಅಜ್ಜೀ” ಎಂಬ ಕೂಗು ಬಂತು. ಅದು ಗೋಡೆಯಿಂದ ಗೋಡೆಗೆ ತಾಗಿ ಮತ್ತೆ ಮತ್ತೆ ಇಳಿಯಿತು. ಶ್ರೀಮತಿಯವರು ತಲೆಯೆತ್ತಿ ಕೇಳಿದರು, ಬೆರಳು ಮಡಿಸಿ ಎಣಿಸಿದರು, ಏಳರ ತನಕ. “ನೀವು ಹೇಳತಿದ್ದದ್ದು ಖರೇನ ಐತಿ” ಎಂದರು. ನಾವು ಇಪ್ಪತ್ತು ಸಲವೂ ಮೇಲೆ ನಿಂತು ಕೂಗಿದವರು. ಕೆಳಗೆ ಕುಳಿತು ಕೇಳಿದ್ದು ಅದೇ ಮೊದಲು.

ಮರುದಿನ ಇಬ್ರಾಹಿಂ ರೋಜಾ. ಅಲ್ಲಿ ದೊಡ್ಡ ಹತ್ತುವಿಕೆಯಿಲ್ಲ. ದೊರೆ ಇಬ್ರಾಹಿಂ, ರಾಣಿ ತಾಜ್ ಸುಲ್ತಾನಾ ಒಂದೇ ಸೂರಿನಡಿಯಲ್ಲಿ ಮಲಗಿದ್ದಾರೆ. ಶ್ರೀಮತಿಯವರು ಆ ಕಲ್ಲಿನ ಜಾಲಂದ್ರಗಳ ಮುಂದೆ ಒಂದು ತಾಸು ಕಳೆದರು. ಹಿಂತಿರುಗುವಾಗ, ಪುಣೆಯಲ್ಲಿ ಮರಾಠಿ, ಇಂಗ್ಲಿಷು ಕಲಿಯುವ ಮೊಮ್ಮಗನಿಗೆ ಕಾರಿನ ಕಿಟಕಿಯಿಂದ ಅಂಗಡಿಯ ಫಲಕ ತೋರಿಸಿ, “ಇದು ಕ, ಇದು ಅದಕ್ಕ ಗುಣಿಸು” ಎಂದು ಓದಿಸುತ್ತ ಬಂದರು. ಭೀಮೆ ದಾಟುವ ಹೊತ್ತಿಗೆ ಅವನು ‘ಕಿರಾಣಿ’ ಎಂದು ಓದಿದ.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಹಿರಿಯರ ಹುಟ್ಟುಹಬ್ಬ ಬಂದಾಗ ದೂರವನ್ನೂ ಬಾಡಿಗೆಯನ್ನೂ ಹವೆಯನ್ನೂ ಅವಶ್ಯ ವಿಚಾರಿಸಿರಿ. ಆದರೆ ಪಟ್ಟಿ ಬರೆಯುವ ಮೊದಲು, ಯಾರ ಹುಟ್ಟುಹಬ್ಬವೋ ಅವರನ್ನು ಕೇಳಿರಿ. ಅವರು ಹತ್ತಿರದ ಊರೊಂದರ ಹೆಸರು ಹೇಳಬಹುದು. ಅದನ್ನು ‘ನಾವು ನೋಡಿದ್ದೇವೆ’ ಎನ್ನುವ ಮುನ್ನ ಆ ‘ನಾವು’ ಯಾರೆಂದು ಒಮ್ಮೆ ಎಣಿಸಿಕೊಳ್ಳಿರಿ. ಮತ್ತು ಮೊಣಕಾಲು ಗಟ್ಟಿಯಿರುವಾಗಲೇ ಹೊರಡಿರಿ.