ತೆಪ್ಪದ ತಳ

ತುಂಗಭದ್ರೆಯ ದಡದ ತಳವಾರಘಟ್ಟದಲ್ಲಿ ಬಂಡೆಗಳ ಮೇಲೆ ಬೋರಲು ಹಾಕಿದ ಹರಿಗೋಲು ದೂರದಿಂದ ಆಮೆಯ ಹಾಗೆ ಕಾಣುತ್ತಿತ್ತು. ಹೊಸಪೇಟೆಯಿಂದ ಅಜ್ಜಿಯ ಊರು ಆನೆಗೊಂದಿಗೆ ಹೋಗುವಾಗ ನಾವು ಹುಡುಗರು ಮೊದಲು ಎಣಿಸುತ್ತಿದ್ದುದು ಅದನ್ನೇ: ನೀರಿನಲ್ಲಿ ಎಷ್ಟು, ಬಂಡೆಯ ಮೇಲೆ ಎಷ್ಟು. ಬೋರಲು ಬಿದ್ದದ್ದರ ಪಕ್ಕ ಹಳೇ ಡಬ್ಬಿಯಲ್ಲಿ ಡಾಂಬರು ಕುದಿಯುತ್ತಿರುತ್ತಿತ್ತು.

ಬಿದಿರಿನ ಸೀಳು ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊದೆಸಿ, ಡಾಂಬರು ಬಳಿದರೆ ಹರಿಗೋಲು, ನಮ್ಮ ಮಾತಿನಲ್ಲಿ ತೆಪ್ಪ. ಅದಕ್ಕೂ ಹಿಂದೆ ಚರ್ಮ. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಚರ್ಮ ಹೊದೆಸಿದ ಬುಟ್ಟಿಯಂಥ ದೋಣಿಗಳನ್ನೂ ಅವು ನೆಟ್ಟಗೆ ಹೋಗದೆ ಸುತ್ತುವುದನ್ನೂ ಬರೆದಿಟ್ಟಿದ್ದಾನೆ. ಸುತ್ತದೆ ಏನು ಮಾಡಾವು? ಸಮುದ್ರದ ಹಾಯಿದೋಣಿಗೆ ಅಡಿಯಲ್ಲಿ ಈಜುರೆಕ್ಕೆಯಂತೆ ಇಳಿದ ಭಾಗವಿದ್ದು ಅದು ದಾರಿ ತಪ್ಪದಂತೆ ಹಿಡಿಯುತ್ತದೆ. ತುಂಗಭದ್ರೆಯ ಬಂಡೆಗಳ ನಡುವೆ ಅಂಥದ್ದು ಒಂದು ದಿನವೂ ಉಳಿಯಲಿಕ್ಕಿಲ್ಲ. ನಮ್ಮಲ್ಲಿ ತಳ ಚಪ್ಪಟೆ, ಸವೆಯುವುದೂ ತಳವೇ.

ತೂತು ಹುಡುಕಲು ಅಂಬಿಗರ ಅಜ್ಜ ಒಬ್ಬರು ನನ್ನನ್ನು ಬೋರಲು ತೆಪ್ಪದ ಒಳಗೆ ತೂರಿಸುತ್ತಿದ್ದರು. "ತಮ್ಮಾ, ಬೆಳಕು ಎಲ್ಲಿ ಬರತೈತಿ, ಅಲ್ಲಿ ಬೆರಳಿಡು." ಒಳಗೆ ಡಾಂಬರಿನ ವಾಸನೆ, ಮೀನಿನ ವಾಸನೆ, ಕತ್ತಲು, ಎಲ್ಲೋ ಸಾಸಿವೆ ಕಾಳಿನಷ್ಟು ಬೆಳಕು. ಬೆರಳಿಟ್ಟಲ್ಲಿ ಹೊರಗಿನಿಂದ ಚೀಲದ ತುಂಡು, ಮೇಲೆ ಬಿಸಿ ಡಾಂಬರು. ಸಂಜೆಗೆ ತೆಪ್ಪ ನೀರಿಗೆ.

ತಳವಾರಘಟ್ಟದಲ್ಲೇ ನದಿಗೆ ಕಟ್ಟುತ್ತಿದ್ದ ಸೇತುವೆಯ ಕಾರಣವೂ ಸೇರಿ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಮುಂದೆ ಬುಕ್ಕಸಾಗರದ ಕಡೆ ಸೇತುವೆಯಾಯಿತು. ದಾಟುವವರು ಕಡಿಮೆಯಾಗಿ, ಸುತ್ತಲೆಂದೇ ಹತ್ತುವ ಪ್ರವಾಸಿಗರು ಹೆಚ್ಚಾದರು.

ಫೈಬರ್ ತೆಪ್ಪ ಬಂದದ್ದು ಈ ನಡುವೆ. ಮೀನುಗಾರಿಕೆ ಇಲಾಖೆಯೂ ಕೊಡತೊಡಗಿತು. ಡಾಂಬರಿನ ಕಾಲ ವಾಪಸು ಬರಲಿ ಎಂದು ನಾನೇನೂ ಹಂಬಲಿಸುವವನಲ್ಲ. ಮತ್ತೆ ಮತ್ತೆ ಬಳಿದು ಸೊಂಟ ಬಿದ್ದವರನ್ನು ಕಂಡಿದ್ದೇನೆ. ಆದರೆ ಫೈಬರಿನ ಕೂದಲೆಳೆ ಬಿರುಕು ಬೆಳಕು ಬಿಡುವುದಿಲ್ಲ. ಮೇಲೆ ನುಣುಪಾಗಿಯೇ ಇದ್ದು, ಒಳಗೆ ನೀರು ಕುಡಿದು ಪದರ ಬಿಡುತ್ತದೆ. ಕಂಪ್ಲಿಯ ಮೀನುಗಾರ ಗೆಳೆಯನ ತೆಪ್ಪಕ್ಕೆ ಹಾಗೇ ಆಯಿತು. ಕಾರಿನ ಬಂಪರ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ತೇವ ಆರಿಸದೆ ಫೈಬರ್ ಮ್ಯಾಟ್ ಅಂಟಿಸಿ ಕೊಟ್ಟರು. ಎರಡೇ ವಾರಕ್ಕೆ ತೇಪೆ ಹಪ್ಪಳದಂತೆ ಎದ್ದಿತು.

ಎರಡನೇ ಸಲ ನಾವೇ ಕೂತೆವು. ನಾಣ್ಯದಿಂದ ತಳವನ್ನು ತಟ್ಟುತ್ತ ಹೋದರೆ ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಬದ್ದು. ಬದ್ದು ಎಂದಷ್ಟನ್ನೂ, ಸುತ್ತ ಇನ್ನೂ ಅಗಲಕ್ಕೆ, ತಟ್ಟೆಯ ಅಂಚಿನಂತೆ ಇಳಿಜಾರಾಗಿ ಉಜ್ಜಿದೆವು. ಆ ದೂಳು ಮೈಗೆ ತಾಗಿದರೆ ರಾತ್ರಿಯೆಲ್ಲ ತುರಿಕೆ. ನಾಲ್ಕು ದಿನ ಬಿಸಿಲಿಗೆ ಹಾಕಿದೆವು. ರೆಸಿನ್‌ಗೆ ಹಾರ್ಡ್‌ನರ್ ನೂರಕ್ಕೆ ಒಂದೆರಡು ಪಾಲು ಸಾಕು. ಏಪ್ರಿಲ್ ಬಿಸಿಲಲ್ಲಿ ಕಲಸಿದರೆ ಬ್ರಷ್ ಅದ್ದುವ ಮೊದಲೇ ಡಬ್ಬಿಯಲ್ಲಿ ಕಲ್ಲಾಗುತ್ತದೆ. ಹಾಗಾಗಿ ಕೆಲಸವೆಲ್ಲ ಬೆಳಗಿನ ಆರಕ್ಕೆ: ಒಂದು ಪದರ ಮ್ಯಾಟ್, ರೆಸಿನ್, ಗಾಳಿಗುಳ್ಳೆ ಹೋಗುವಂತೆ ರೋಲರ್, ಮತ್ತೆ ಇನ್ನೊಂದು ಪದರ.

ಆ ತೆಪ್ಪ ಕಂಪ್ಲಿಯಲ್ಲಿ ಈಗಲೂ ನೀರಿನ ಮೇಲಿದೆ. ತೇಪೆ ಹಾಕಿದ ಕಡೆ ಮಾತ್ರ ನೀಲಿ ಸ್ವಲ್ಪ ಬೇರೆ.